ಎರಡು ಬೆರಳು ಕಡಿಮೆ

ಪಲ್ಲಕ್ಕಿ ಹೊರುವವರಿಗೆ ಭಕ್ತಿ ಇದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಎಲ್ಲರೂ ಒಂದೇ ಎತ್ತರ ಇರಬೇಕು, ಅಷ್ಟೇ. ಒಬ್ಬರು ಉದ್ದ, ಒಬ್ಬರು ಗಿಡ್ಡ ಆದರೆ ದೇವರು ವಾಲುತ್ತಾನೆ, ಅರ್ಚಕರಿಗೆ ಸಿಟ್ಟು ಬರುತ್ತದೆ, ಶಾಲೆಯ ಮಾನ ಹೋಗುತ್ತದೆ. ಆದ್ದರಿಂದ ದೇವರ ಉತ್ಸವಕ್ಕೆ ಹೋಗುವ ಶಾಲೆಯ ಪ್ರವಾಸಕ್ಕೆ ಎರಡು ವಾರ ಮೊದಲೇ ಪಿ.ಟಿ. ಮೇಷ್ಟ್ರು ಆಟದ ಸಾಮಾನಿನ ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಒಂಬತ್ತನೇ ತರಗತಿಯ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಬಂದು ಅದಕ್ಕೆ ಬೆನ್ನು ಕೊಟ್ಟು ನಿಂತರು. ಗೆರೆಗೆ ಸರಿಯಾಗಿ ತಲೆ ಮುಟ್ಟಿದವರು ಪಲ್ಲಕ್ಕಿಗೆ, ಉಳಿದವರು ಹಿಂದೆ ಸಾಲಾಗಿ ನಡೆಯುವುದಕ್ಕೆ.

ಬೇಕಾಗಿದ್ದವರು ಎಂಟು, ಸಿಕ್ಕಿದವರು ಏಳು.

ದರ್ಜಿಯ ಮಗಳು ಗೆರೆಗೆ ಎರಡು ಬೆರಳಷ್ಟು ಕಡಿಮೆ ಬಿದ್ದಳು. ತರಗತಿಯಲ್ಲಿ ಅವಳನ್ನು ಎಲ್ಲರೂ ಗುಂಡುಸೂಜಿ ಎಂದೇ ಕರೆಯುತ್ತಿದ್ದರು. ಸಣ್ಣಗಿದ್ದಾಳೆ ಎಂದು ಅರ್ಧ, ಅಮ್ಮ ಬಟ್ಟೆ ಹೊಲಿಯುತ್ತಾಳೆ ಎಂದು ಅರ್ಧ.

"ಮುಂದಿನ ಶುಕ್ರವಾರ ಇನ್ನೊಂದ್ಸಲ ಅಳೀತೀನಿ," ಎಂದರು ಮೇಷ್ಟ್ರು. "ಅಷ್ಟರೊಳಗೆ ಯಾರಾದ್ರೂ ಬೆಳ್ಕೊಂಡು ಬನ್ನಿ."

ಎಲ್ಲರೂ ನಕ್ಕರು. ಗುಂಡುಸೂಜಿ ಮಾತ್ರ ಆ ಮಾತನ್ನು ಮನಸ್ಸಿಗೆ ಹಾಕಿಕೊಂಡಳು.

ಅದಕ್ಕೆ ಕಾರಣ ಶಾಲೆಯ ಗಂಟೆ ಹೊಡೆಯುವ ಆಯಮ್ಮ. ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಅವಳು ಹೇಳಿದ್ದಳು: "ಆ ದೇವರ ಭಾರ ಹೆಗಲ ಮೇಲೆ ಬಿದ್ದಾಗ ಏನು ಕೇಳ್ಕೊಂಡ್ರೂ ಕೊಡ್ತಾನಂತೆ. ಮೊದಲೇ ಕೇಳಿದ್ರೆ ಇಲ್ಲ, ಇಳಿಸಿದ ಮೇಲೆ ಕೇಳಿದ್ರೂ ಇಲ್ಲ. ಹೊತ್ಕೊಂಡಿರುವಾಗ್ಲೇ ಕೇಳ್ಬೇಕು. ನಮ್ಮ ಭಾವ ಹಂಗೇ ಕೇಳ್ಕೊಂಡು ಮಗು ಪಡೆದ."

ಗುಂಡುಸೂಜಿ ಅಂಥ ಭಕ್ತೆಯೇನಲ್ಲ. ಪರೀಕ್ಷೆಯ ದಿನವೂ ಕೈ ಮುಗಿದವಳಲ್ಲ. ಆದರೆ ಡಾಕ್ಟರೇ ಕೈಚೆಲ್ಲಿದ ಮೇಲೆ ಆಯಮ್ಮನ ಮಾತಿಗೂ ಕಿವಿ ಕೊಡಬೇಕಾಗುತ್ತದೆ. ಅದರಲ್ಲಿ ನಗುವಂಥದ್ದೇನೂ ಇಲ್ಲ. ಅವಳ ಅಮ್ಮನ ಕಣ್ಣು ಹೋಗುತ್ತಿತ್ತು. ಮನೆಯಲ್ಲಿ ಇರುವುದು ಅವರಿಬ್ಬರೇ. ಸಮವಸ್ತ್ರದ ಅಂಗಡಿಯವರು ಕತ್ತರಿಸಿ ಕಳಿಸಿದ ಅಂಗಿಗಳನ್ನು ಅಮ್ಮ ಮನೆಯಲ್ಲೇ ಹೊಲಿದು ಕೊಡುತ್ತಿದ್ದಳು. ಹೋದ ವರ್ಷ ಬಳೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ ಎನ್ನುತ್ತಿದ್ದವಳು, ಈ ವರ್ಷ ಗುಂಡಿಯ ತೂತಿನಿಂದ ನೋಡಿದ ಹಾಗೆ ಎನ್ನುತ್ತಿದ್ದಳು. ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಕನ್ನಡಕಕ್ಕೂ ಆಪರೇಷನ್ನಿಗೂ ಬಗ್ಗುವುದಲ್ಲ ಎಂದು ಡಾಕ್ಟರು ಗೋಡೆ ನೋಡಿಕೊಂಡು ಹೇಳಿಬಿಟ್ಟಿದ್ದರು. ಮಗಳು ಬೆಳಿಗ್ಗೆ ಬೇಗ ಎದ್ದು, ಸೊಟ್ಟಗೆ ಹೋದ ಹೊಲಿಗೆಗಳನ್ನು ಸದ್ದಾಗದಂತೆ ಬಿಚ್ಚಿ, ನೆಟ್ಟಗೆ ಹೊಲಿದಿಟ್ಟು ಶಾಲೆಗೆ ಹೋಗುತ್ತಿದ್ದಳು. ಅಂಗಡಿಯವರಿಗೆ ಇದು ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿಲ್ಲವೆಂದೇ ಅವಳು ತಿಳಿದಿದ್ದಳು.

ಅಂಗಿಯ ಕಾಲರು ಸೆಟೆದು ನಿಲ್ಲಲು ಒಳಗೆ ಹಾಕುವ ದಪ್ಪ ಕ್ಯಾನ್ವಾಸಿನ ತುಂಡುಗಳು ಮನೆಯಲ್ಲಿ ಬೇಕಾದಷ್ಟು ಬಿದ್ದಿದ್ದವು. ಗುಂಡುಸೂಜಿ ಅವನ್ನು ಪಾದದ ಅಳತೆಗೆ ಕತ್ತರಿಸಿ, ಪದರದ ಮೇಲೆ ಪದರ ಇಟ್ಟು ಹೊಲಿದು ಶೂಗಳೊಳಗೆ ತುರುಕಿದಳು. ಹಿಮ್ಮಡಿ ಅರ್ಧ ಹೊರಗೇ ಉಳಿಯಿತು. ಉದ್ದದ ಸಾಕ್ಸಿನಿಂದ ಮುಚ್ಚಿದಳು. ಮೂರು ದಿನ ಅದರಲ್ಲೇ ನಡೆದು ಅಭ್ಯಾಸ ಮಾಡಿದಳು. ಶುಕ್ರವಾರ ಅವಳ ತಲೆ ಗೆರೆಗೆ ಮುಟ್ಟಿತು.

"ಪರವಾಗಿಲ್ವೇ! ಏನು ತಿಂತೀಯೆ?" ಎಂದು ಮೇಷ್ಟ್ರು ಹುಬ್ಬೇರಿಸಿ, ಅವಳ ಹೆಸರು ಬರೆದುಕೊಂಡರು.

ಇನ್ನು ಉಳಿದದ್ದು ಏನು ಕೇಳುವುದೆಂಬ ಪ್ರಶ್ನೆ. ಕಣ್ಣು ಪೂರ್ತಿ ವಾಸಿಯಾಗಲಿ ಎಂದರೆ ಅತಿಯಾಸೆ ಎನಿಸಬಹುದು. ದೇವರಿಗೂ ಬೇಸರ ಬರಬಾರದಲ್ಲ? ಎರಡು ದಿನ ಲೆಕ್ಕ ಹಾಕಿ, ಅವಳು ಒಂದು ಚಿಕ್ಕ ಮಾತಿಗೆ ಬಂದು ನಿಂತಳು: ಅಮ್ಮನ ಕಣ್ಣು ಈಗ ಎಷ್ಟಿದೆಯೋ ಅಷ್ಟೇ ಇರಲಿ. ಅದಕ್ಕಿಂತ ಕಡಿಮೆ ಕೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಾಡು, ಕೂಗಾಟ, ಇಬ್ಬರಿಗೆ ವಾಂತಿ. ಗುಂಡುಸೂಜಿ ಕಿಟಕಿಗೆ ತಲೆ ಆನಿಸಿಕೊಂಡು ಆ ಒಂದು ಮಾತನ್ನೇ ಮಗ್ಗಿಯ ಹಾಗೆ ಹೇಳಿಕೊಳ್ಳುತ್ತ ಕೂತಿದ್ದಳು. ಬಸ್ಸು ನಿಂತಿತು. ದೇವಸ್ಥಾನದ ಕಡೆಯಿಂದ ಡೋಲಿನ ಸದ್ದು ಕೇಳುತ್ತಿತ್ತು.

"ಎಲ್ರೂ ಶೂ, ಸಾಕ್ಸು ಇಲ್ಲೇ ಬಿಡಿ!" ಎಂದು ಮೇಷ್ಟ್ರು ಸೀಟಿ ಊದಿದರು. "ದೇವರ ಹತ್ರ ಶೂ ಹಾಕ್ಕೊಂಡು ಹೋಗ್ತಾರೇನ್ರೋ? ಬೇಗ, ಬೇಗ!"

ಎರಡು ವಾರ ಹಗಲೂ ಇರುಳೂ ಯೋಚಿಸಿದ್ದ ಗುಂಡುಸೂಜಿಗೆ ಇದೊಂದು ಹೊಳೆದಿರಲಿಲ್ಲ. ಮೇಷ್ಟ್ರಿಗೂ ಹೊಳೆದಿರಲಿಲ್ಲ ಬಿಡಿ; ಇಲ್ಲದಿದ್ದರೆ ಶೂ ಹಾಕಿಸಿಕೊಂಡು ಎತ್ತರ ಅಳೆಯುತ್ತಿದ್ದರೇ? ಆದರೆ ಮೇಷ್ಟ್ರಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಅವಳು ಎಲ್ಲರೂ ಇಳಿಯುವವರೆಗೆ ಕಾದು, ಶೂಗಳನ್ನು ಸೀಟಿನ ಕೆಳಗೆ ತೀರ ಒಳಕ್ಕೆ ತಳ್ಳಿ, ಬರಿಗಾಲಲ್ಲಿ ಇಳಿದಳು. ಕಾದ ನೆಲದ ಮೇಲೆ ನಿಂತಾಗ ಎಲ್ಲರೂ ಇದ್ದಕ್ಕಿದ್ದಂತೆ ಎತ್ತರವಾದಂತೆ ಕಂಡರು.

ಬಾಗಿಲಲ್ಲಿ ಪಲ್ಲಕ್ಕಿ ಸಿದ್ಧವಾಗಿತ್ತು. ಒಳಗೆ ಮೂಗಿನವರೆಗೂ ಹೂವಿನಲ್ಲಿ ಹೂತುಹೋಗಿದ್ದ ಪುಟ್ಟ ಲೋಹದ ದೇವರು. ಎರಡೂ ಕಡೆ ತೊಡೆ ದಪ್ಪದ ಮರದ ದಂಡ. ಬಾಗಿಲಿನಿಂದ ಬೀದಿಯ ಮೂಲೆಯ ಬ್ಯಾಂಕಿನವರೆಗೆ ಶಾಲೆಯ ಮಕ್ಕಳು ಹೊರಬೇಕು, ಆಮೇಲೆ ದೇವಸ್ಥಾನದವರು.

"ಏಣಿ, ನೀನು ಬಲಗಡೆ ಮುಂದೆ. ಗುಂಡುಸೂಜಿ, ಅವಳ ಹಿಂದೆ," ಎಂದರು ಮೇಷ್ಟ್ರು. ಅವರ ಕಣ್ಣು ಮೊಬೈಲಿನ ಮೇಲಿತ್ತು. ಫೋಟೋ ಚೆನ್ನಾಗಿ ಬರಬೇಕಿತ್ತು. ಏಣಿ ಅಂದರೆ ಮುಂದಿನ ಬೆಂಚಿನ ಹುಡುಗಿ, ಗೆರೆಗೆ ಸರಿಯಾದಷ್ಟು ಉದ್ದ, ಅದಕ್ಕಿಂತ ಜಾಸ್ತಿ ಬಾಯಿ.

"ಎತ್ತಿ!"

ಎಂಟು ಜನ ಎತ್ತಿದರು. ಏಳು ಜನ ಹಾ ಎಂದರು.

ಗುಂಡುಸೂಜಿ ಕಣ್ಣು ಮುಚ್ಚಿ ಕಾದಳು. ಹೆಗಲ ಮೇಲೆ ಏನೂ ಬೀಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ದಂಡ ಮುಂದೆ ಏಣಿಯ ಹೆಗಲ ಮೇಲೂ ಹಿಂದಿನವನ ಹೆಗಲ ಮೇಲೂ ಭದ್ರವಾಗಿ ಕೂತಿತ್ತು; ಅವಳ ಹೆಗಲಿಗೂ ಮರಕ್ಕೂ ನಡುವೆ ಬೆಳಕು ತೂರಿ ಬರುತ್ತಿತ್ತು. ಡೋಲು ಜೋರಾಯಿತು. ಪಲ್ಲಕ್ಕಿ ಹೊರಟಿತು. ಅವಳು ತುದಿಗಾಲಲ್ಲಿ ನಡೆದಳು. ಮರ ಅಂಗಿಯನ್ನು ಸವರಿತು, ಮತ್ತೆ ಬಿಟ್ಟುಹೋಯಿತು. ಹತ್ತು ಹೆಜ್ಜೆಗೆ ಮೀನಖಂಡ ಹಿಡಿದುಕೊಂಡಿತು. ಎರಡೂ ಕೈ ಮೇಲೆ ಹಾಕಿ ದಂಡವನ್ನು ಕೆಳಕ್ಕೆ ಎಳೆದಳು.

"ಏಯ್, ಜೋತುಬೀಳ್ಬೇಡ್ವೇ! ಮೊದಲೇ ಸಾಯ್ತಾ ಇದೀವಿ," ಎಂದು ಹಿಂದಿನವನು ಕಿರುಚಿದ.

ಅವಳು ಕೈ ಸಡಿಲಿಸಿದಳು. ಅರ್ಧ ಬಾಗಿಲು ಹಾಕಿದ್ದ ಅಂಗಡಿಗಳ ಮೆಟ್ಟಿಲ ಮೇಲೆ ಜನ ಕೈ ಮುಗಿದು ನಿಂತಿದ್ದರು. ಮುದುಕಿಯೊಬ್ಬಳು ಸರಸರನೆ ಬಂದು ಅವಳ ಗಲ್ಲ ಸವರಿ, "ಇಷ್ಟು ಚಿಕ್ಕವಳು ದೇವರನ್ನ ಹೊತ್ತಿದೀಯಲ್ಲ, ಪುಣ್ಯ ಮಾಡಿದೀಯಮ್ಮ," ಎಂದಳು. ಗುಂಡುಸೂಜಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಬ್ಯಾಂಕು ಇನ್ನೂ ದೂರವಿದೆ, ಮುಂದೆ ರಸ್ತೆ ಉಬ್ಬಿದ ಕಡೆ ಒಂದೇ ಒಂದು ಕ್ಷಣ ಭಾರ ತಗುಲಿದರೂ ಸಾಕು, ಮಾತು ನಾಲಿಗೆಯ ತುದಿಯಲ್ಲೇ ಇದೆ ಎಂದುಕೊಂಡು ಹೆಜ್ಜೆ ಹಾಕಿದಳು.

ಔಷಧದ ಅಂಗಡಿಯ ಮುಂದೆ ಅರ್ಚಕರು ಕೈ ಎತ್ತಿದರು. "ಸಾಕು, ಮಕ್ಕಳು ಬಿಡಿ. ಹೊತ್ತು ಮೀರ್ತಿದೆ." ದಪ್ಪ ಹೆಗಲಿನ ಎಂಟು ಜನ ಬಂದು ಕಣ್ಣು ಮಿಟುಕಿಸುವುದರೊಳಗೆ ದಂಡ ತೆಗೆದುಕೊಂಡರು. ದೇವರು ಹೋಗಿಬಿಟ್ಟ. ಬೀದಿಯಲ್ಲಿ ಹೂವಿನ ಎಸಳು, ಧೂಳು ಉಳಿದವು.

ಏಣಿ ಕಾಲರು ಸರಿಸಿ ಹೆಗಲು ತೋರಿಸಿದಳು. ಕೆಂಪಗೆ ಬಾಸುಂಡೆ ಎದ್ದಿತ್ತು.

"ನೀನೇನು ಕೇಳ್ಕೊಂಡೆ?" ಎಂದಳು ಗುಂಡುಸೂಜಿ.

"ಕೇಳ್ಕೊಳ್ಳೋದಾ? ಪ್ರಾಣ ಹೋಗ್ತಿತ್ತು ಕಣೆ. ಅಪ್ಪಾ ದೇವರೇ, ಬೇಗ ಇಳಿಸಪ್ಪಾ ಅಂದೆ. ನೋಡು, ಬ್ಯಾಂಕಿನ ತನಕ ಹೋಗ್ಬೇಕಿತ್ತು, ಅರ್ಧಕ್ಕೇ ಇಳಿಸ್ಬಿಟ್ಟ! ಒಳ್ಳೇವ್ನು!" ಏಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗುಂಡುಸೂಜಿಗೆ ಸಿಟ್ಟು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ಬಂದದ್ದು ಭಯ. ಅಂದರೆ ಆಯಮ್ಮ ಹೇಳಿದ್ದು ನಿಜ. ದೇವರು ಕೇಳಿಸಿಕೊಳ್ಳುತ್ತಿದ್ದ. ಕೇಳಿಸಿಕೊಳ್ಳದವನಾಗಿದ್ದರೆ ಬಂದ ಹಾಗೇ ಮನೆಗೆ ಹೋಗಬಹುದಿತ್ತು.

ಅವಳು ಮೇಷ್ಟ್ರ ಹತ್ತಿರ ಓಡಿದಳು. "ಸರ್, ಮುಂದಿನ ವರ್ಷ ಇನ್ನೊಂದ್ಸಲ..."

"ಮುಂದಿನ ವರ್ಷ ಹತ್ತನೇ ಕ್ಲಾಸು. ಪ್ರವಾಸ ಗಿವಾಸ ಎಲ್ಲ ಇಲ್ಲ, ಓದ್ಕೊಳ್ಳಿ," ಎಂದು ಅವರು ಮೊಬೈಲು ತೋರಿಸಿದರು. "ನೋಡಿಲ್ಲಿ, ನೀನೇ ಚೆನ್ನಾಗಿ ಬಂದಿದೀಯ. ಉಳಿದವರೆಲ್ಲ ಮುಖ ಕಿವುಚ್ಕೊಂಡಿದಾರೆ."

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದಳು. ಹೊಲಿಗೆ ಯಂತ್ರದ ಮೇಲೆ ಹಳೆಯ ಹಾಸಿಗೆಯ ಹೊದಿಕೆ ಹೊದಿಸಿತ್ತು. ಅಮ್ಮ ಗೋಡೆಗೆ ಒರಗಿ ಕೂತಿದ್ದಳು.

"ಅಂಗಡಿಯವ್ರಿಗೆ ಹೇಳಿ ಕಳಿಸ್ದೆ," ಎಂದಳು ಅಮ್ಮ. "ನಾಳೆಯಿಂದ ಬಟ್ಟೆ ಬೇಡ ಅಂತ."

"ಯಾಕಮ್ಮಾ? ನಾನು ಇಲ್ವಾ?"

"ನೀನು ಬೆಳಿಗ್ಗೆ ಬೆಳಿಗ್ಗೆ ಕೂತು ಬಿಚ್ಚೋದು ನನಗೆ ಕೇಳ್ಸಲ್ವೇನೇ? ಸಾಕು ಮಗಳೇ. ಇವತ್ತು ಯಾವುದು ಬಟ್ಟೆ, ಯಾವುದು ಬೆರಳು ಅಂತ್ಲೇ ತಿಳೀಲಿಲ್ಲ." ಅವಳ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. "ಅದು ಬಿಡು. ಹೊತ್ಯಾ ದೇವರನ್ನ?"

"ಹೂಂ."

"ಭಾರ ಇದ್ನಾ?"

"ತುಂಬ ಭಾರ ಇದ್ದ."

"ಎಂಟು ಜನರಲ್ಲಿ ನನ್ನ ಮಗಳೂ ಒಬ್ಬಳು," ಎಂದು ಅಮ್ಮ ತಡವರಿಸಿ ಒಲೆಯ ಪಕ್ಕದ ಎಣ್ಣೆಯ ಬಟ್ಟಲು ತಂದಳು. ಬೆಚ್ಚಗೆ ಮಾಡಿಟ್ಟಿದ್ದಳು. "ಬಾ ಇಲ್ಲಿ. ಯಾವ ಹೆಗಲು?"

ಮಗಳು ಬೆನ್ನು ಮಾಡಿ ಕೂತು ಬಲ ಹೆಗಲು ತೋರಿಸಿದಳು. ಆಮೇಲೆ ಅಮ್ಮನಿಗೆ ಕಾಣದೆಂದು ನೆನಪಾಗಿ, ಅವಳ ಕೈ ಹಿಡಿದು ಹೆಗಲ ಮೇಲೆ ಇಟ್ಟುಕೊಂಡಳು. ಬೆರಳುಗಳು ಬಾವು ಎಲ್ಲಿದೆ ಎಂದು ಹುಡುಕಿದವು.

"ಇಲ್ಲೇನೇ?"

"ಹೂಂ, ಅಲ್ಲೇ," ಎಂದಳು ಗುಂಡುಸೂಜಿ. ಅಷ್ಟು ಹೊತ್ತು ತಡೆದದ್ದು ಆಗ ಕಟ್ಟೆಯೊಡೆಯಿತು.

"ಅಯ್ಯೋ, ಅಷ್ಟು ನೋಯ್ತಿದ್ಯೇನೇ?" ಎಂದಳು ಅಮ್ಮ. ಇನ್ನೊಂದಿಷ್ಟು ಎಣ್ಣೆ ಸುರಿದುಕೊಂಡು, ಏನನ್ನೂ ಹೊರದ ಆ ಹೆಗಲನ್ನು ಮೆಲ್ಲಮೆಲ್ಲನೆ ತಿಕ್ಕತೊಡಗಿದಳು.