ಸುಳ್ಳು ಬ್ಯಾನಿ

ಚೊಚ್ಚಲ ಬಸುರಿ ಬಾಳವ್ವನ ಕುಬಸಕ್ಕೆ ಹುಬ್ಬಳ್ಳಿಯ ಅರ್ಧ ಅರಳೆಪೇಟೆ ಬಂದು ಉಂಡು ಹೋಗಿತ್ತು. ಅದೇ ಬಾಳವ್ವನ ಹೆರಿಗೆಗೆಂದು ಆ ಮನೆಯಲ್ಲಿ ಒಂದು ಹಳೆಯ ಅರಿವೆಯನ್ನು ಒಗೆದಿಟ್ಟವರಿರಲಿಲ್ಲ. ಮರೆತಿದ್ದರೆಂದಲ್ಲ. ಹುಟ್ಟುವ ಮೊದಲೇ ಕೂಸಿಗೆ ತಯಾರಿ ಮಾಡಿದರೆ ದೃಷ್ಟಿ ತಾಕುತ್ತದೆ ಎಂಬುದು ಅತ್ತೆ ಮುರಿಗೆವ್ವನ ಶಾಸ್ತ್ರ. ಹಸಿರು ಇಳಕಲ್ ಸೀರೆ, ಮೊಣಕೈವರೆಗೆ ಹಸಿರು ಬಳೆ, ತಾಟುಗಟ್ಟಲೆ ಉಂಡಿ, ಬಾಗಿಲಲ್ಲಿ ಸನಾದಿ ಇವಕ್ಕೆ ಮಾತ್ರ ಆ ಶಾಸ್ತ್ರ ಅನ್ವಯಿಸುತ್ತಿರಲಿಲ್ಲ. ಅವನ್ನೆಲ್ಲ ಮಾಡಿದ್ದೇ ನಾಲ್ಕು ಜನರ ಕಣ್ಣು ಬೀಳಲಿ ಎಂದು.

ಚೊಚ್ಚಲ ಹೆರಿಗೆ ತವರಿನದು. ಬಾಳವ್ವನ ತವರು ಧಾರವಾಡ. ಏಳನೇ ತಿಂಗಳಲ್ಲೇ ಅಣ್ಣ ಕರೆಯಲು ಬಂದಿದ್ದ. "ಅವ್ವ ಎಲ್ಲಾ ಸಜ್ಜ ಮಾಡ್ಯಾಳ್ರಿ. ಹಳೇ ಸೀರಿ ಕುದಿಸಿ ಒಗದು ಗಂಟ ಕಟ್ಟ್ಯಾಳ, ಬಾಣಂತಿ ಖೋಲಿ ಸಾರಿಸ್ಯಾಳ" ಎಂದು ಹೇಳಿದ. ಮುರಿಗೆವ್ವ ನಕ್ಕಳು. ಅವಳು ನಗುವುದೆಂದರೆ ಮೂಗಿನ ನತ್ತು ಮಾತ್ರ ಅಲುಗುತ್ತಿತ್ತು.

"ನಮ್ಮ ಸೊಸಿಗೆ ನಿಮ್ಮವ್ವ ಚಿಂದಿ ಕೂಡಿಸಾಕತ್ತಾಳೇನು? ಕುಬಸ ಆಗಲಿ. ಸುಗ್ಗಿ ಬಂತಂದ್ರ ಪ್ಯಾಟಿ ಮಂದಿ ಎಲ್ಲಾ ಊರಾಗ ಇರ್ತಾರ, ಆವಾಗ ಮಾಡೂಣು" ಎಂದು ಅವನನ್ನು ಬರಿಗೈಯಲ್ಲಿ ಕಳಿಸಿದಳು.

ಸುಗ್ಗಿ ಬಂತು, ಕುಬಸ ಆಯಿತು, ಅಷ್ಟರಲ್ಲಿ ಏಳು ಮುಗಿದು ಎಂಟು ಹಿಡಿಯಿತು. ಎಂಟರಲ್ಲಿ ಬಸುರಿಯನ್ನು ಹೊಸ್ತಿಲು ದಾಟಿಸಬಾರದಂತೆ. ಮಠದ ಚನ್ನಯ್ಯ ಬಂದು ಹೊಟ್ಟೆಯಲ್ಲಿರುವ ಕೂಸಿನ ಪಾಲಿನ ಲಿಂಗವನ್ನು ಬಾಳವ್ವನ ಕೊರಳಿಗೆ, ಅವಳ ಲಿಂಗದ ಪಕ್ಕದಲ್ಲೇ ಕಟ್ಟಿ, ಪಾದಪೂಜೆ ಮಾಡಿಸಿಕೊಂಡು ಹೋದ. ಆ ಮನೆಯಲ್ಲಿ ಕೂಸಿಗೆಂದು ತಯಾರಾದದ್ದು ಅದೊಂದೇ. ದೃಷ್ಟಿಗೆ ಹೆದರದವನು ಶಿವನೊಬ್ಬನಾದರೂ ಇದ್ದಾನಲ್ಲ ಎಂದುಕೊಂಡಳು ಬಾಳವ್ವ.

ಒಂಬತ್ತು ಬಿತ್ತು. ಮೊದಲು ಅಮಾವಾಸ್ಯೆ ಅಡ್ಡ ಬಂತು, ಆಮೇಲೆ ಮಂಗಳವಾರ, ಆಮೇಲೆ ಮನೆಯ ಲಕ್ಷ್ಮಿ ಹೊರಗೆ ಹೋಗಬಾರದೆಂದು ಶುಕ್ರವಾರ. ಬಾಳವ್ವನ ಪಾದಗಳು ಊದಿ ಕಾಲುಂಗುರ ಹೂತುಕೊಂಡವು. ಹೊಟ್ಟೆ ಕೆಳಗಿಳಿಯಿತು, ಮಗ್ಗುಲು ಬದಲಿಸಬೇಕೆಂದರೆ ಗೋಡೆ ಹಿಡಿಯಬೇಕಾಯಿತು. ನೋಡಲು ಬಂದ ಹೆಂಗಸರು ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಗಂಡೋ ಹೆಣ್ಣೋ ಎಂದು ವಾದ ಮಾಡಿದರು, ಎಲೆ ಅಡಿಕೆ ಜಗಿದರು, ಹೋದರು. ಸೂಲಗಿತ್ತಿ ಯಾರು, ಬೇನೆ ಬಂದರೆ ಏನು ಮಾಡುವುದು ಎಂದು ಒಬ್ಬಳಾದರೂ ಕೇಳಿದ್ದರೆ ಬಾಳವ್ವ ಅವಳ ಕಾಲಿಗೆ ಬೀಳುತ್ತಿದ್ದಳು.

ಗಂಡ ಗುರುಶಿದ್ದಪ್ಪ ಅರಳೆ ದಲಾಲ. ಅವನ ಗಂಟಲು ಪೇಟೆಯಲ್ಲಿ ಗುಡುಗುತ್ತಿತ್ತು, ಅವ್ವನ ಎದುರಿಗೆ ಎಲ್ಲಿ ಅಡಗುತ್ತಿತ್ತೋ ಶಿವನೇ ಬಲ್ಲ. "ರೈಲಿನಾಗ ಕಳಸ್ರಿ, ಲಗೂ ಮುಟ್ತೇನಿ" ಎಂದು ಬಾಳವ್ವ ಅವನಿಗೆ ಹೇಳಿದಳು. ಅವನು ಅವ್ವನಿಗೆ ಹೇಳಿದ. ಅವ್ವ ಇಬ್ಬರನ್ನೂ ನೋಡಿದಳು.

"ರೈಲಿನಾಗ ಹೋದ್ರ ಯಾರ ನೋಡ್ತಾರ? ದಲಾಲರ ಸೊಸಿ ಚೊಚ್ಚಲ ಬಾಣಂತನಕ್ಕ ಹೊಂಟಾಳಂದ್ರ ಕಮಾನ ಗಾಡ್ಯಾಗ ಹೋಗಬೇಕು, ಎತ್ತಿಗೆ ಗೆಜ್ಜಿ ಕಟ್ಟಬೇಕು."

ಗುರುಶಿದ್ದಪ್ಪ ಪೇಟೆಗೆ ಹೋದ. ಗಂಡಸು ಅಂದರೆ ಇಷ್ಟೇ ಎಂದು ಬಾಳವ್ವನಿಗೆ ಅಂದು ಗೊತ್ತಾಯಿತು, ಗೊತ್ತಾದದ್ದು ಮತ್ತೆ ಮರೆಯಲಿಲ್ಲ.

ಹೊರಡುವ ದಿನ ಬೆಳಗ್ಗೆ ನಡು ಹಿಡಿದುಕೊಂಡಿತು. ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು.

"ಅತ್ತಿ, ಬ್ಯಾನಿ ಬರಾಕತ್ತಾವ್ರಿ."

"ಸುಳ್ಳು ಬ್ಯಾನಿ ಅವು. ಒಂಬತ್ತರಾಗ ಎಲ್ಲಾರಿಗೂ ಬರ್ತಾವ. ನಾ ಏನು ಹಡದಿಲ್ಲೇನು?"

"ಮಲಕೊಂಡ್ರೂ ನಿಲ್ಲವಲ್ವು, ಅಡ್ಡಾಡಿದ್ರೂ ನಿಲ್ಲವಲ್ವು. ಹೆಚ್ಚಾಗಾಕತ್ತಾವು."

ಮುಹೂರ್ತ ನೋಡಿ ಕಳಿಸಿಕೊಡಲು ಬಂದಿದ್ದ ಚನ್ನಯ್ಯನ ಕಡೆ ಮುರಿಗೆವ್ವ ನೋಡಿದಳು. ಲಿಂಗ ಕಟ್ಟಿದವನಿಗೆ ಬೇನೆಯ ಗುಣವೂ ತಿಳಿದಿರಬೇಕಲ್ಲ! "ಮುಹೂರ್ತ ತಪ್ಪಸಬ್ಯಾಡ್ರಿ ಅವ್ವಾರ" ಎಂದು ಅವನು ಬಸುರಿಗೆ ವಿಭೂತಿ ಹಚ್ಚಿ ಫಲಾರಕ್ಕೆ ಕೂತ. ಹೆರಿಗೆ ತಮ್ಮ ಮನೆಯಲ್ಲಾದರೆ ಊರ ಬಾಯಿಗೆ ಬೀಳುತ್ತೇವೆ, ತವರಿಗೆ ಕಳಿಸಲಾರದ ಮಂದಿ ಎನ್ನಿಸಿಕೊಳ್ಳುತ್ತೇವೆ ಎಂಬ ಭಯ ಮುರಿಗೆವ್ವನದು. ಸೊಸೆ ಸತ್ತರೆ ಊರು ಏನನ್ನುತ್ತದೆ ಎಂಬುದು ಅವಳ ಲೆಕ್ಕದಲ್ಲಿರಲಿಲ್ಲ.

ಗಾಡಿ ನೆಟ್ಟಗೆ ಧಾರವಾಡದ ದಾರಿ ಹಿಡಿಯಲಿಲ್ಲ. ಮೊದಲು ದುರ್ಗದಬೈಲು ಸುತ್ತಿತು. ರೇಷ್ಮೆ ಉಟ್ಟ ಮುರಿಗೆವ್ವ ಪರಿಚಯದ ಅಂಗಡಿ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ, ಮುಂದಿನ ಪರದೆ ಸರಿಸಿ, "ಸೊಸಿನ್ನ ತವರಿಗೆ ಮುಟ್ಟಿಸಿ ಬರ್ತೇನ್ರಿ" ಎಂದಳು. ಎತ್ತುಗಳು ತಲೆ ಕೊಡವಿದಾಗೆಲ್ಲ ಗೆಜ್ಜೆ ಝಲ್ಲೆಂದವು. ಒಳಗೆ ಬಾಳವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಈ ಮುದುಕಿಯ ಮೆರವಣಿಗೆಯಲ್ಲಿ ತಾನು ಸಾಯುತ್ತೇನೆ, ಕೂಸೂ ಸಾಯುತ್ತದೆ ಎಂದು ಅವಳಿಗೆ ಅನ್ನಿಸಿತು. ಹೆದರಿಕೆಗಿಂತ ಹೇಸಿಗೆಯೇ ಹೆಚ್ಚಾಯಿತು.

ಉಣಕಲ್ ಕೆರೆಯ ಹತ್ತಿರ ಬಾಳವ್ವನ ಬಸಿರ ನೀರು ಒಡೆಯಿತು. ಮುರಿಗೆವ್ವ ಮೊದಲು ಮಾಡಿದ ಕೆಲಸ ತನ್ನ ರೇಷ್ಮೆಯ ಅಂಚನ್ನು ಮೇಲೆತ್ತಿಕೊಂಡದ್ದು. "ಗಾದಿ ಕೆಡಿಸಿದಿ" ಎಂದಳು.

ಗಾಡಿ ಹೊಡೆಯುತ್ತಿದ್ದ ಕಾಸಿಮಸಾಬ ತಿರುಗದೆಯೇ ಹೇಳಿದ, "ಅವ್ವಾರ, ಇಲ್ಲೇ ಊರಾಗ ಇಳಸೂಣ್ರಿ."

"ನಿನಗ್ಯಾರ ಕೇಳಿದ್ರು? ಹೊಡಿ ಗಾಡಿ. ತವರಮನ್ಯಾಗ ಹಡೀತಾಳ."

ಅವನು ಹೊಡೆದ. ರಾಯಾಪುರ ಮುಟ್ಟುವ ಹೊತ್ತಿಗೆ ಬಾಳವ್ವನಿಗೆ ತಡೆಯುವ ಶಕ್ತಿ ಉಳಿದಿರಲಿಲ್ಲ. ಮುಂದಕ್ಕೆ ಬಾಗಿ ಕಾಸಿಮಸಾಬನ ಅಂಗಿಯನ್ನೇ ಹಿಡಿದು ಜಗ್ಗಿದಳು. "ಕಾಕಾ, ನಿಲ್ಲಸ್ರಿ! ಆಕಿ ಮಾತ ಕೇಳಬ್ಯಾಡ್ರಿ, ನಿಲ್ಲಸ್ರಿ!"

ಗಾಡಿ ನಿಂತದ್ದು ರಸ್ತೆಯ ಬದಿಗಿದ್ದ ಒಂದು ಹೆಂಚಿನ ಮನೆಯ ಎದುರಿಗೆ. ಅಂಗಳದಲ್ಲಿ ಕೌದಿ ಒಣಹಾಕುತ್ತಿದ್ದವಳು ಅಮೀನಾಬಿ. ಅವಳೂ ತುಂಬಿದ ಬಸುರಿ, ಒಂದು ಕೈ ನಡುವಿನ ಮೇಲೇ ಇತ್ತು. ಗಾಡಿಯೊಳಗೆ ಒಮ್ಮೆ ಇಣುಕಿದಳು, ಏನೂ ಕೇಳಲಿಲ್ಲ. "ಅತ್ತೀ, ನೀರ ಕಾಸ್ರಿ" ಎಂದು ಒಳಗೆ ಕೂಗಿದಳು.

ಅವಳ ಹೆರಿಗೆಗೆಂದು ಆ ಮನೆಯಲ್ಲಿ ಎಲ್ಲವೂ ಸಜ್ಜಾಗಿತ್ತು. ಕೋಣೆ ಸಾರಿಸಿತ್ತು, ಹೊರಸಿಗೆ ಹೊಸ ಹಗ್ಗ ಬಿಗಿದಿತ್ತು, ಒಲೆಯ ಪಕ್ಕದಲ್ಲಿ ಕುಳ್ಳು ಒಟ್ಟಿತ್ತು. ಬಿಸಿಲಲ್ಲಿ ಒಣಗಿಸಿದ ಹಳೆಯ ಅರಿವೆಗಳ ಗಂಟೊಂದು ಬಾಗಿಲ ಪಕ್ಕದ ಗೂಟಕ್ಕೆ ತೂಗುತ್ತಿತ್ತು. ಅಮೀನಾಬಿ ಗಂಟು ಇಳಿಸಿ ಬಿಚ್ಚಿದಳು. ಇದು ತನ್ನದು ಎಂಬಂತೆ ಒಂದು ಸಲವೂ ನೋಡಲಿಲ್ಲ. ಅವಳ ಅತ್ತೆ ಮದೀನಾಬಿ ತೋಳು ಮೇಲೇರಿಸಿ ಬಾಳವ್ವನ ಹಿಂದೆ ಕೂತಳು. "ಒದರ ಮಗಳಾ, ಸೆರಗ ಕಡೀಬ್ಯಾಡ. ಇಲ್ಲೆ ಯಾರೂ ನಗೂದಿಲ್ಲ."

ಬಾಳವ್ವ ಒದರಿದಳು. ಏಳನೇ ತಿಂಗಳಿಂದ ನುಂಗಿಕೊಂಡದ್ದೆಲ್ಲ ಅದರಲ್ಲಿ ಹೊರಗೆ ಬಂತು. ಕೂಸು ಬಂದಾಗ ಅಳಲಿಲ್ಲ. ಮದೀನಾಬಿ ಅದರ ಬಾಯಿ ಒರೆಸಿ ಬೆನ್ನು ತಿಕ್ಕಿದಳು, ಮತ್ತೆ ತಿಕ್ಕಿದಳು. ಆ ಹೊತ್ತಿನಲ್ಲಿ ಬಾಳವ್ವನಿಗೆ ಹೊರಗಿನ ಗೆಜ್ಜೆಯ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಕಡೆಗೆ ಕೂಸು ಚೀರಿತು.

ಮುರಿಗೆವ್ವ ಆ ಮನೆಯ ಹೊಸ್ತಿಲು ತುಳಿಯಲಿಲ್ಲ, ನೀರೂ ಮುಟ್ಟಲಿಲ್ಲ. ರಾತ್ರಿಯೆಲ್ಲ ಗಾಡಿಯಲ್ಲೇ ರೇಷ್ಮೆ ಸುತ್ತಿಕೊಂಡು ಮುದುಡಿ ಕಳೆದಳು. ಬೆಳಗಾದ ಮೇಲೆ ಬಾಗಿಲಿಗೆ ಬಂದು, ಮೂಗಿಗೆ ಸೆರಗು ಹಿಡಿದು, ಬೇರೆ ಯಾರಿಗೂ ಕೇಳಿಸದಂತೆ ಸೊಸೆಗೆ ಹೇಳಿದಳು.

"ಹೆಣ್ಣಂತ. ಇರಲಿ. ಏಳು, ಧಾರವಾಡಕ್ಕ ಹೋಗೂಣು. ಕೂಸು ಅಲ್ಲೇ ಹುಟ್ಟೇತಿ ಅಂತ ಎಲ್ಲಾರಿಗೂ ಹೇಳೂಣು. ಇಂಥಾ ಮನ್ಯಾಗ, ಇಂಥಾ ಸೂತಕದಾಗ..."

"ಲಿಂಗವಂತರಿಗೆ ಸೂತಕ ಇಲ್ಲಂತ ದಿನಾ ಪೂಜಾ ಮುಂದ ನೀವ ಹೇಳ್ತೀರಲ್ಲ?" ಎಂದಳು ಬಾಳವ್ವ. ಕೂಸಿನ ಲಿಂಗವನ್ನು ಅವಳು ಆಗಲೇ ತನ್ನ ಕೊರಳಿಂದ ಬಿಚ್ಚಿ ಅದರ ತೋಳಿಗೆ ಸುತ್ತಿದ್ದಳು. ಚನ್ನಯ್ಯನಿಗಾಗಿ ಕಾದಿರಲಿಲ್ಲ.

ಮುರಿಗೆವ್ವನ ನತ್ತು ಅಲುಗಲಿಲ್ಲ.

ಬಾಳವ್ವ ಹಿತ್ತಲ ಬಾಗಿಲ ಕಡೆ ನೋಡಿದಳು. ಅಮೀನಾಬಿಯ ಗಂಟಿನಲ್ಲಿದ್ದ ಅರಿವೆಗಳೆಲ್ಲ ಕೆಂಪಾಗಿ ಅಲ್ಲಿ ಬಿದ್ದಿದ್ದವು. ಗೂಟ ಬೋಳಾಗಿತ್ತು. ಅಮೀನಾಬಿ ಗೋಡೆ ಹಿಡಿದು ಕೂರುವಾಗ ಅವಳ ಹೊಟ್ಟೆ ಕೆಳಗಿಳಿದದ್ದು ಬಾಳವ್ವನಿಗೆ ಚೆನ್ನಾಗಿ ಗೊತ್ತಾಯಿತು.

"ಅತ್ತಿ, ನಾ ಇವತ್ತ ಗಾಡಿ ಏರೂದಿಲ್ಲ. ನೀವು ಧಾರವಾಡಕ್ಕ ಹೋಗ್ರಿ. ನಮ್ಮವ್ವ ಕಟ್ಟಿಟ್ಟ ಅರಿವಿ ಗಂಟ ತಂದು ಈ ಅಕ್ಕನ ಕೈಯಾಗ ಕೊಡ್ರಿ. ಆಮ್ಯಾಲ ನನ್ನನ್ನ ಕರೀರಿ."

"ನಾನು? ಚಿಂದಿ ಗಂಟ ತರಾಕ?"

"ಹೌದ್ರಿ, ಆ ಚಿಂದೀನ. ರೇಷ್ಮಿ ರಕ್ತ ಹೀರೂದಿಲ್ಲ."

"ಕಾಸಿಮಸಾಬನ್ನ ಕಳಸಿದ್ರಾತು."

"ನೀವ ಹೋಗಬೇಕು. ಇಲ್ಲಂದ್ರ ನಿನ್ನೆ ಗಾಡಿ ನಿಲ್ಲಿಸಿದ್ರಲ್ಲ ದುರ್ಗದಬೈಲಾಗ, ಆ ಅಂಗಡಿ ಅಂಗಡಿ ಮುಂದ ನಾನ ನಿಂತು ಹೇಳ್ತೇನಿ. ಕೂಸು ಎಲ್ಲಿ ಹುಟ್ಟಿತು, ನನ್ನ ಬ್ಯಾನಿಗೆ ನೀವು ಏನಂದ್ರಿ, ಎಲ್ಲಾ."

"ಬಿಡ ತಂಗಿ, ಅರಿವಿ ಏನ ದೊಡ್ಡ ಮಾತು" ಎಂದಳು ಅಮೀನಾಬಿ.

"ದೊಡ್ಡ ಮಾತ ಅಕ್ಕಾ. ನಮ್ಮ ಮನ್ಯಾಗ ಅದೊಂದ ಇರಲಿಲ್ಲ."

ಮುರಿಗೆವ್ವ ಕೋಣೆಯನ್ನೂ ಕೂಸನ್ನೂ ನೋಡಿದಳು. ಅಂಗಳದಲ್ಲಿ ಎತ್ತು ಕಟ್ಟುತ್ತಿದ್ದ ಕಾಸಿಮಸಾಬನನ್ನು ನೋಡಿದಳು. ಬಾಳವ್ವನ ಮಾತು ಕೇಳಿಸಿಕೊಂಡಿದ್ದ ಅವನು ಮುಖವನ್ನು ಎತ್ತಿನ ಆಚೆಗೆ ತಿರುಗಿಸಿದ. ಅವಳು ಹೋಗಿ ಗಾಡಿ ಏರಿದಳು. ಎತ್ತುಗಳ ಕೊರಳಲ್ಲಿ ಗೆಜ್ಜೆ ಝಲ್ಲೆಂದಿತು, ಕೂಸು ನಿದ್ದೆಯಲ್ಲಿ ಬೆಚ್ಚಿ ಕೈ ಬೀಸಿತು.

"ಕಾಕಾ, ಗೆಜ್ಜಿ ಬಿಚ್ಚಿ ಇಟ್ಟು ಹೋಗ್ರಿ. ಕೂಸು ಮಲಗೇತಿ" ಎಂದು ಬಾಳವ್ವ ಒಳಗಿನಿಂದ ಹೇಳಿದಳು.

ಕಾಸಿಮಸಾಬ ಅವಸರವಿಲ್ಲದೆ ಎರಡೂ ಎತ್ತುಗಳ ಕೊರಳಿಂದ ಗೆಜ್ಜೆ ಬಿಚ್ಚಿ, ಅಮೀನಾಬಿಯ ಬೋಳು ಗೂಟಕ್ಕೆ ತೂಗುಹಾಕಿದ. ಗಾಡಿ ಸದ್ದಿಲ್ಲದೆ ರಸ್ತೆಗೆ ಇಳಿಯಿತು. ಮುರಿಗೆವ್ವ ಅಭ್ಯಾಸಬಲದಿಂದ ಪರದೆ ಸರಿಸಿದಳು. ದಾರಿಯಲ್ಲಿ ಹೊಲಕ್ಕೆ ಹೊರಟವರಿದ್ದರು, ನೀರು ತರುವವರಿದ್ದರು. ಒಬ್ಬರೂ ತಿರುಗಿ ನೋಡಲಿಲ್ಲ.