ಬಸವಣ್ಣೆಪ್ಪನ ಹೊಟ್ಟೆಯ ಗಡ್ಡೆ

ಮೇಲವಂಕಿಯ ಬಸವಣ್ಣೆಪ್ಪನಿಗೆ ಉಂಡ ಮೇಲೆ ಹೊಟ್ಟೆ ನೋಯುತ್ತಿತ್ತು. ನೋವು ಬೆನ್ನಿಗೂ ಹಾಯುತ್ತಿತ್ತು. ಊರ ವೈದ್ಯ ಹೊಟ್ಟೆ ಒತ್ತಿ ನೋಡಿ, "ಒಳಗ ಗಡ್ಡಿ ಐತಿ. ಕ್ಯಾನ್ಸರ್. ಇದು ಉಳಸೂದಲ್ಲ" ಎಂದ.

ಅಂದೇ ಬಸವಣ್ಣೆಪ್ಪ ತಾಟು, ತಂಬಿಗೆ ತೆಗೆದುಕೊಂಡು ಹೊಲದ ಗುಡಿಸಲು ಸೇರಿದ. ರೋಗ ಮನೆಯವರಿಗೆ ಹತ್ತೀತೆಂಬುದು ಅವನ ಅಂಜಿಕೆ. ಹೆಂಡತಿ ಭರಮವ್ವ ದಿನಾ ರೊಟ್ಟಿ ತಂದು ಕಲ್ಲಿನ ಮೇಲಿಟ್ಟು, ಅವನು ಹೇಳಿದಂತೆ ದೂರ ನಿಲ್ಲುತ್ತಿದ್ದಳು. ನಡುವೆ ಜೋಳದ ಎಂಟು ಸಾಲು. ಕೂಗಿ ಆಡುವಂಥ ಮಾತು ಇಬ್ಬರಲ್ಲೂ ಇರಲಿಲ್ಲ.

ಮೂರು ತಿಂಗಳಾದ ಮೇಲೆ ತನ್ನ ಸಮಾಧಿಯ ಕುಣಿಯನ್ನು ತಾನೇ ತೋಡಿದ. ಲಿಂಗವಂತರನ್ನು ಕೂರಿಸಿ ಮಣ್ಣು ಮಾಡುತ್ತಾರಲ್ಲ. ಅಳತೆ ನೋಡಲು ಅದರೊಳಗೆ ಕುಳಿತಿದ್ದಾಗ ಅಕ್ಕ ರಾಯವ್ವ ಬಂದಳು. ಅವಳು ಗೋಕಾಕ ದವಾಖಾನೆಯಲ್ಲಿ ನರ್ಸಬಾಯಿ.

"ಮೊಣಕಾಲು ತಾಗತಾವಲ್ಲೋ ತಮ್ಮಾ. ಇನ್ನೊಂದೀಟು ಅಗಲ ಮಾಡು."

"ನಗಬ್ಯಾಡ ಯಕ್ಕಾ. ದೂರ ನಿಂದ್ರು."

ರಾಯವ್ವ ಕುಣಿಯ ಅಂಚಿನಲ್ಲೇ ಕುಳಿತಳು. "ಕ್ಯಾನ್ಸರ್ ತಾಟಿನಿಂದ ಹತ್ತಂಗಿಲ್ಲ. ಅದಿರಲಿ, ನಿನಗ ಕ್ಯಾನ್ಸರ್ ಅಂತ ಹೆಂಗ ಗೊತ್ತಾತು?"

"ವೈದ್ಯರ ಕೈಗೆ ಗಡ್ಡಿ ಹತ್ತೇತಿ."

"ಗಡ್ಡಿ ಹತ್ತತೈತಿ, ಅದರ ಗುಣ ಕೈಗೆ ಹತ್ತಂಗಿಲ್ಲ. ಜಠರದ ಹಿಂದ ಮೇದೋಜೀರಕ ಅಂತ ಒಂದು ಅಂಗ ಐತಿ. ಅದು ಬಾತು ಗಟ್ಟಿಯಾದರೂ, ಅದರ ಬಾಜೂಕ ನೀರು ತುಂಬಿದರೂ ಥೇಟ್ ಕ್ಯಾನ್ಸರ್ ಗಡ್ಡಿ ಹಂಗ ಇರತೈತಿ."

"ಖರೇನ ಕ್ಯಾನ್ಸರ್ ಇದ್ದರ?"

ರಾಯವ್ವ ಬಗ್ಗಿ ಅವನ ಹೆಗಲ ಮೇಲೆ ಕೈಯಿಟ್ಟಳು. "ಇದ್ದರೂ ಇದ್ದೀತು. ನಿನಗ ಸುಳ್ಳು ಹೇಳಂಗಿಲ್ಲ. ಗೊತ್ತಾದ ಮ್ಯಾಲ ಅಂಜು. ಅಲ್ಲಿ ನೋಡು, ಭರಮವ್ವ ಬಿಸಲಾಗ ನಿಂತಾಳ. ನೀ ಒಬ್ಬನ ಉಣ್ಣಾಕತ್ತಿ ಅಂದರ ಆಕೀನೂ ಒಬ್ಬಾಕಿನ ಉಣ್ಣಾಕತ್ತಾಳ."

ಬಸವಣ್ಣೆಪ್ಪ ತಲೆಯೆತ್ತಿದ. ಅವಳು ದಿನಾ ನಿಲ್ಲುವ ಜಾಗದಲ್ಲಿ ಹುಲ್ಲು ಸವೆದು ನೆಲ ಕಾಣುತ್ತಿತ್ತು. ಅವನು ಕುಣಿಯಿಂದ ಮೇಲೇಳಲು ಅಕ್ಕನತ್ತ ಕೈ ಚಾಚಿದ.

ಆ ವಾರವೇ ಮೂವರೂ ರೈಲು ಹತ್ತಿ ಮಿರಜದ ದೊಡ್ಡ ದವಾಖಾನೆಗೆ ಹೋದರು. ಡಾಕ್ಟರು ಹೊಟ್ಟೆ ತೆರೆದು, ಗಡ್ಡೆಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕ್ಯಾನ್ಸರ್ ಅಲ್ಲ, ಮೇದೋಜೀರಕದ ಹಳೆಯ ಬಾವು. ಜಿಡ್ಡು ಬಿಡಬೇಕು, ಸ್ವಲ್ಪ ಸ್ವಲ್ಪವೇ ಉಣ್ಣಬೇಕು ಎಂದರು. ನೋವು ಪೂರ್ತಿ ಹೋಗಲಿಲ್ಲ, ಕಡಿಮೆಯಾಯಿತು.

ದವಾಖಾನೆಯ ಮಂಚದ ಬಳಿ ಭರಮವ್ವ ಕೇಳಿದಳು: "ಮೂರು ತಿಂಗಳು ಯಾರ ಕೂಡ ಮಾತಾಡಿದ್ರಿ?"

"ಯಾರ ಕೂಡಾನೂ ಇಲ್ಲ."

"ನಾನೂ ಇಲ್ಲರಿ."

ಓದುವವರೇ, ಓದಿಸಿ ಕೇಳುವವರೇ, ಹೊಟ್ಟೆಯಲ್ಲಿ ಗಡ್ಡೆ ಕೈಗೆ ಹತ್ತಿದರೆ ತಡಮಾಡದೆ ದೊಡ್ಡ ದವಾಖಾನೆಯಲ್ಲಿ ತೋರಿಸಿರಿ. ಕ್ಯಾನ್ಸರ್ ಹೌದೋ ಅಲ್ಲವೋ, ಪರೀಕ್ಷೆ ಹೇಳಲಿ. ಹೌದೆಂದರೂ ಅದು ಮುಟ್ಟಿದರೆ ಹರಡುವ ರೋಗವಲ್ಲ. ನಿಮ್ಮವರ ಹತ್ತಿರ ಹೋಗಿ ಕುಳಿತುಕೊಳ್ಳಿರಿ.