ಸುಳ್ಳದ ಹಾದಿಯ ಚಿಗರಿ

ಮಲ್ಲಿಕಸಾಬ ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಮದುವೆಯ ಫೋಟೋ ತೆಗೆದಿದ್ದ. ತನ್ನ ಖುಷಿಗೆಂದು ಕ್ಯಾಮೆರಾ ಹಿಡಿದದ್ದು ಮಾತ್ರ ನಲವತ್ತಾರನೇ ವಯಸ್ಸಿನಲ್ಲಿ, ಗೆಳೆಯ ಪರಮೇಶ ಹಳೆಯ ಫಿಯೆಟ್ ಕಾರು ಕೊಂಡ ಮೇಲೆ. ವಿದ್ಯಾನಗರದ ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದ ಪರಮೇಶನಿಗೆ ಕಾರು ಓಡಿಸುವ ಹುಚ್ಚು, ಆದರೆ ವೇಗವೆಂದರೆ ಭಯ. ರವಿವಾರ ನಸುಕಿಗೆ ಇಬ್ಬರೂ ಸುಳ್ಳ ಎಂಬ ಊರಿನ ಹಾದಿ ಹಿಡಿದರೆ ಹಾಲಿನ ಸೈಕಲ್ಲಿನವರೂ ಇವರನ್ನು ದಾಟಿ ಹೋಗುತ್ತಿದ್ದರು. ಮಲ್ಲಿಕಸಾಬನಿಗೆ ಬೇಕಾದದ್ದೂ ಅದೇ. ಕಿಟಕಿಯ ಗಾಜು ಇಳಿಸಿ, ಲೆನ್ಸ್ ಹೊರಗೆ ಚಾಚಿ, ಜೋಳದ ಮೇಲೆ ತೇಲುವ ಗಿಡುಗ, ಬದುವಿನಲ್ಲಿ ಓಡುವ ಗೌಜಗ ಹಕ್ಕಿ, ಒಮ್ಮೊಮ್ಮೆ ಒಂದು ನರಿ, ಹೀಗೆ ಸಿಕ್ಕಿದ್ದನ್ನು ತೆಗೆಯುತ್ತಿದ್ದ.

ಸಾವಕ್ಕನ ಪರಿಚಯವಾದದ್ದು ಹಾಗೆಯೇ, ತೊಂಬತ್ತಾರರ ಚಳಿಗಾಲದಲ್ಲಿ. ರಸ್ತೆಯ ಪಕ್ಕದಲ್ಲಿ ಅವಳದು ನಾಲ್ಕು ಎಕರೆ ಕಡಲೆ ಹೊಲ. ಅದರಾಚೆ ಊರ ದನ ಮೇಯುವ ಗಾಯರಾಣ.

“ಯಾರ್ರಿ ನೀವು? ನನ್ನ ಹೊಲದ ಫೋಟೋ ಯಾಕ ತಗ್ಯಾಕತ್ತೀರಿ?” ಎಂದು ಕುಡುಗೋಲು ಹಿಡಿದೇ ಬಂದಳು.

“ಹೊಲದ್ದಲ್ಲಬೇ, ಹಕ್ಕೀದು,” ಎಂದ ಮಲ್ಲಿಕಸಾಬ.

“ಹಕ್ಕಿ ಏನ್ ನೋಡ್ತೀರಿ? ಚಿಗರಿ ನೋಡ್ರಿ ಬರ್ರಿ.”

ಬದುವಿನ ಮರೆಯಿಂದ ಅವಳು ತೋರಿಸಿದಳು. ಹದಿನಾಲ್ಕು ಚಿಗರಿ, ಕೃಷ್ಣಮೃಗಗಳು. ಮುಂದೆ ಒಂದು ಗಂಡು, ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಹುರಿ ಹಾಕಿದಂಥ ಉದ್ದ ಕೋಡು.

“ಅವ ಗೌಡ,” ಎಂದಳು ಸಾವಕ್ಕ. “ಅವ ಮುಂದ ನಡದ್ರನ ಉಳಿದಾವು ಹಿಂದ ಬರ್ತಾವು.”

“ನಿಮ್ಮ ಕಡಲಿ ತಿನ್ನೂದಿಲ್ಲೇನು?” ಪರಮೇಶ ಕೇಳಿದ.

“ತಿಂತಾವ. ಹಂದಿಗಿಂತ ಕಡಿಮಿ ತಿಂತಾವ.” ಹೊರಡುವಾಗ ಅವಳು ಕಾರಿನ ಬಾಗಿಲು ಹಿಡಿದು ನಿಂತಳು. “ಒಂದು ಮಾತು ಸಾಬರ. ಇವು ಇಲ್ಲಿ ಅದಾವಂತ ಪ್ಯಾಟ್ಯಾಗ ಯಾರ ಮುಂದೂ ಹೇಳಬ್ಯಾಡ್ರಿ.”

“ಇಲ್ಲಬೇ, ಹೇಳೂದಿಲ್ಲ.”

ಎರಡು ಚಳಿಗಾಲ ಅವರು ಆ ಹೊಲಕ್ಕೆ ಹೋದರು. ಸಾವಕ್ಕ ರೊಟ್ಟಿ, ಹಸಿ ಕಡಲೆ ಕೊಡುತ್ತಿದ್ದಳು. ಗೌಡ ಇವತ್ತು ಎಲ್ಲಿದ್ದಾನೆಂದು ಹೇಳುತ್ತಿದ್ದಳು. ತೊಂಬತ್ತೆಂಟರ ಜನವರಿಯ ಒಂದು ಬೆಳಿಗ್ಗೆ ಗೌಡ ಬದು ಹಾರಿದ. ಆ ಕ್ಷಣ ಮಲ್ಲಿಕಸಾಬನ ಬೆರಳು ತಪ್ಪಲಿಲ್ಲ. ಕತ್ತಲೆಕೋಣೆಯಲ್ಲಿ ಫೋಟೋ ಮೂಡಿದಾಗ ಹೆಂಡತಿ ಖಾತುನಬಿಯನ್ನು ಕೂಗಿ ಕರೆದ.

“ಅಯ್ಯ, ಇದರ ಕಾಲು ನೆಲಕ್ಕ ಹತ್ತೇ ಇಲ್ಲ!” ಎಂದಳು ಅವಳು.

ಫೋಟೋವನ್ನು ಪತ್ರಿಕೆಯೊಂದರ ರವಿವಾರದ ಪುರವಣಿಗೆ ಕಳಿಸಿದ. ಕೆಳಗೆ ‘ಸುಳ್ಳದ ಹತ್ತಿರ’ ಎಂದು ಬರೆಯುವಾಗ ಸಾವಕ್ಕನ ಮಾತು ನೆನಪಾಗದೆ ಇರಲಿಲ್ಲ. ಸುಳ್ಳದ ಸೀಮೆ ದೊಡ್ಡದು, ಯಾವ ಹೊಲವೆಂದು ಯಾರಿಗೆ ತಿಳಿಯಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಫೋಟೋ ಅಚ್ಚಾಯಿತು. ನಾಲ್ಕು ದಿನದ ಮೇಲೆ ಮಲ್ಲಿಕಸಾಬನ ಸ್ಟುಡಿಯೋಗೆ ಒಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆ ಮಾತು. ಅದೇ ಫೋಟೋದ ಒಂದು ಪ್ರತಿ ಬೇಕೆಂದರು. “ಹೆಂಗ ತಗದ್ರಿ ಇದನ್ನ?” ಎಂದು ಕೇಳಿದರು. ಇಪ್ಪತ್ತು ವರ್ಷದಲ್ಲಿ ಯಾರೂ ಮಲ್ಲಿಕಸಾಬನಿಗೆ ಆ ಪ್ರಶ್ನೆ ಕೇಳಿರಲಿಲ್ಲ. ಅವನು ಚಹಾ ತರಿಸಿ ಎಲ್ಲವನ್ನೂ ಹೇಳಿದ.

“ನಮ್ಮ ಮಕ್ಕಳಿಗೆ ತೋರಸಬೇಕ್ರಿ. ಎಲ್ಲಿ ನಿಂತ್ರ ಕಾಣ್ತಾವ?”

ಮಲ್ಲಿಕಸಾಬ ತನ್ನ ಹೆಸರು ಅಚ್ಚಾಗಿದ್ದ ಸ್ಟುಡಿಯೋ ಲಕೋಟೆಗೆ ಫೋಟೋ ಹಾಕಿ, ಅದರ ಹಿಂದೆ ಪೆನ್ಸಿಲಿನಿಂದ ರಸ್ತೆ, ಬನ್ನಿಮರ, ಹೊಲ, ಗಾಯರಾಣ ಎಲ್ಲವನ್ನೂ ಗೀಚಿ ತೋರಿಸಿದ.

ಆಮೇಲೆ ಎರಡು ರವಿವಾರ ಮದುವೆಗಳಿದ್ದವು. ಮೂರನೆಯ ರವಿವಾರ ಹೋದಾಗ ಕಡಲೆಯ ನಡುವೆ ಜೀಪಿನ ಗಾಲಿ ಹಾದುಹೋದ ಎರಡು ಗೆರೆಗಳು ಕಂಡವು. ಸಾವಕ್ಕ ಬದುವಿನ ಮೇಲೆ ಕುಳಿತಿದ್ದಳು.

“ಶುಕ್ರವಾರ ಬಂದಿದ್ರು. ಐದು ಹೊಡದ್ರು. ಗೌಡನ್ನೂ ಹೊಡದ್ರು. ನಾ ಓಡಿ ಬರೂದ್ರಾಗ ಎತ್ತಿ ಹಾಕ್ಕೊಂಡು ಹೋದ್ರು.”

ಅವಳು ತೋರಿಸಿದ ಕಡೆ ಎರೆಮಣ್ಣು ಇನ್ನಷ್ಟು ಕಪ್ಪಾಗಿ ಹೆಪ್ಪುಗಟ್ಟಿತ್ತು. ಇರುವೆ ಸಾಲುಗಟ್ಟಿದ್ದವು. ಪರಮೇಶ ಬಾಯಿಗೆ ಕೈ ಅಡ್ಡ ಹಿಡಿದು ಆಚೆ ತಿರುಗಿದ.

ಸಾವಕ್ಕ ಸೆರಗಿನ ಗಂಟು ಬಿಚ್ಚಿ ಮಡಚಿದ ಕಾಗದವೊಂದನ್ನು ತೆಗೆದಳು. “ಜೀಪ್ ನಿಂತಲ್ಲಿ ಬಿದ್ದಿತ್ತು. ನನಗ ಓದಾಕ ಬರೂದಿಲ್ಲ. ನೀವು ಬರ್ತೀರಂತ ಇಟಗೊಂಡೇನಿ. ಯಾರ ಹೆಸರೈತಿ ನೋಡಿ ಹೇಳ್ರಿ ಸಾಬರ. ಪೊಲೀಸರಿಗೆ ಕೊಡತೇನಿ.”

ಮಲ್ಲಿಕಸಾಬ ಮಡಿಕೆ ಬಿಚ್ಚಿದರೆ ತಾನು ಗೀಚಿಕೊಟ್ಟ ಅದೇ ಲಕೋಟೆ. ಇಣುಕಿ ನೋಡಿದ ಪರಮೇಶ ತಟ್ಟನೆ, “ಏನೂ ಇಲ್ಲಬೇ, ಬರೇ ಖಾಲಿ ಲಕೋಟಿ,” ಎಂದ.

“ಬ್ಯಾಡ ಪರಮೇಶ,” ಎಂದ ಮಲ್ಲಿಕಸಾಬ. ಸಾವಕ್ಕನತ್ತ ತಿರುಗಿದ. “ಯವ್ವಾ, ಇದರಾಗ ಇರೂದು ನನ್ನ ಹೆಸರು.”

“ನಿಮ್ಮ ಹೆಸರು ಇದರಾಗ ಯಾಕ ಇರತೈತಿ?” ಅವಳಿಗೆ ಅರ್ಥವಾಗಲಿಲ್ಲ.

ಅವನು ಹೇಳಿದ. ಪತ್ರಿಕೆಗೆ ಕಳಿಸಿದ್ದು, ಬಂದ ಮನುಷ್ಯ, ಕುಡಿಸಿದ ಚಹಾ, ಬರೆದುಕೊಟ್ಟ ನಕಾಶೆ. ಸಾವಕ್ಕ ಪೂರ್ತಿ ಕೇಳಿದಳು. ಬೈಯುತ್ತಾಳೆಂದುಕೊಂಡಿದ್ದ, ಬೈದಿದ್ದರೆ ಹಗುರಾಗುತ್ತಿತ್ತು.

“ನಾ ಹೇಳಿದ್ದೆ,” ಎಂದಳು ಅಷ್ಟೇ. ಎದ್ದು ಕಡಲೆಯ ನಡುವೆ ನಡೆದು ಹೋದಳು.

ಮಲ್ಲಿಕಸಾಬ ಅರಣ್ಯ ಕಚೇರಿಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟ. ಸ್ಟುಡಿಯೋಗೆ ಬಂದವರ ಹೆಸರನ್ನು ಅವನು ಕೇಳಿರಲೇ ಇಲ್ಲ. ಅಧಿಕಾರಿಗಳು ಊರೂರು ವಿಚಾರಿಸಿದರು, ಆದರೆ ಯಾರೂ ಸಿಗಲಿಲ್ಲ. ಆ ವಾರವೇ ಅವನು ಚಿಗರಿಗಳ ನೆಗೆಟಿವ್‌ಗಳನ್ನೂ ಪ್ರತಿಗಳನ್ನೂ ಹಿತ್ತಲಲ್ಲಿ ರಾಶಿ ಹಾಕಿ ಬೆಂಕಿ ಹಚ್ಚಿದ.

“ಸುಟ್ಟರ ಅವು ಎದ್ದು ಬರ್ತಾವೇನು?” ಎಂದಳು ಖಾತುನಬಿ. ಫಿಯೆಟ್ ಆಮೇಲೆ ವರ್ಷಗಟ್ಟಲೆ ಸುಳ್ಳದ ಕಡೆ ಹೋಗಲಿಲ್ಲ.

ಐದು ವರ್ಷ ಕಳೆದವು. ಎರಡು ಸಾವಿರದ ಮೂರರಲ್ಲಿ ಒಂದು ಮಧ್ಯಾಹ್ನ ಸಾವಕ್ಕ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದಳು. ಮಗಳ ಹೆರಿಗೆಗೆಂದು ಆಸ್ಪತ್ರೆಗೆ ಬಂದವಳು ದಾರಿ ಕೇಳಿಕೊಂಡು ಬಂದಿದ್ದಳು. ಮಲ್ಲಿಕಸಾಬ ಎದ್ದು ನಿಂತ. ಅವಳು ಸ್ಟೂಲಿನ ಮೇಲೆ ಕುಳಿತು ಸುಧಾರಿಸಿಕೊಂಡಳು.

“ಉಳಿದಾವು ಒಂದೂ ತಿರುಗಿ ಬರಲಿಲ್ರಿ. ದಿನಾ ಆ ಕಡೆ ನೋಡ್ತೇನಿ. ಈಗೀಗ ಗೌಡನ ಮಾರಿ ನೆನಪಿಗೆ ಬರವಲ್ದು. ಕೋಡು ಬರ್ತಾವ, ಮಾರಿ ಬರವಲ್ದು. ಒಂದು ಫೋಟೋ ಕೊಡ್ರಿ.”

“ಸುಟ್ಟುಬಿಟ್ಟೆನಬೇ.”

“ಎಲ್ಲಾ?”

“ಎಲ್ಲಾ.”

“ಅವರು ಹೊಡದ್ರು, ನೀವು ಸುಟ್ರಿ,” ಎಂದಳು ಸಾವಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಖಾತುನಬಿ ತಂದ ನೀರು ಕುಡಿದು ಬಸ್ಸಿಗೆ ಹೊರಟಳು.

ಅವತ್ತಿನಿಂದ ಮಲ್ಲಿಕಸಾಬ ಆ ರವಿವಾರದ ಪತ್ರಿಕೆಗಾಗಿ ತಿರುಗಿದ. ರದ್ದಿ ಅಂಗಡಿಗಳಲ್ಲಿ ಸಿಗಲಿಲ್ಲ. ಕೊನೆಗೆ ಧಾರವಾಡದಲ್ಲಿ ಹಳೆಯ ಪುರವಣಿಗಳನ್ನು ಕೂಡಿಟ್ಟಿದ್ದ ನಿವೃತ್ತ ಮಾಸ್ತರರೊಬ್ಬರು ಆ ಪುಟವನ್ನು ಕೊಟ್ಟರು. ಪರಮೇಶ ಮತ್ತೆ ಸುಳ್ಳದ ಕಡೆ ಕಾರು ತೆಗೆದ.

ಸಾವಕ್ಕ ಹಳದಿಯಾದ ಪುಟವನ್ನು ಬಿಸಿಲಿಗೆ ಹಿಡಿದು ನೋಡಿದಳು. ಹಾರುವ ಮೈ ಇತ್ತು, ಕೋಡಿತ್ತು. ಮುಖವಿದ್ದಲ್ಲಿ ಮಸಿ ಕದಡಿ ಒಂದು ಕಪ್ಪು ಮಚ್ಚೆಯಾಗಿತ್ತು.

“ಮಾರಿ ಇಲ್ಲಲ್ರಿ ಇದರಾಗ.”

“ಇಲ್ಲಬೇ.”

“ನೀವು ಕ್ಯಾಮೆರಾದಾಗಿಂದ ಹತ್ರ ನೋಡೀರಿ. ಹೆಂಗಿತ್ತು, ನೀವ ಹೇಳ್ರಿ.”

ಮಲ್ಲಿಕಸಾಬ ಬದುವಿನ ಮೇಲೆ ಅವಳ ಪಕ್ಕದಲ್ಲಿ ಕುಳಿತ. ಕಣ್ಣಿನ ಸುತ್ತ ಬಿಳಿ ಉಂಗುರ, ಎಂದ. ಸಾವಕ್ಕ ಹೌದೆಂದಳು. ಗದ್ದದ ಕೆಳಗೂ ಬಿಳುಪು, ಎಂದ. ಅದಕ್ಕೂ ಹೌದೆಂದಳು. ಎಡಗಿವಿ ತುಸು ಹರಿದಿತ್ತು, ಎಂದ.

“ಅಲ್ರಿ, ಬಲಗಿವಿ.”

ಅವನು ಕಣ್ಣು ಮುಚ್ಚಿ ನೆನೆಸಿಕೊಳ್ಳಲು ನೋಡಿದ. ಬೆಳಕು ಯಾವ ಕಡೆಯಿಂದ ಬಿದ್ದಿತ್ತೆಂಬುದು ನೆನಪಿತ್ತು. ಇಬ್ಬನಿ ನೆನಪಿತ್ತು. ಕಿವಿ ನೆನಪಾಗಲಿಲ್ಲ.

“ಬಲಗಿವಿನ ಇರಬೇಕಬೇ,” ಎಂದ. ಸಾವಕ್ಕ ಅವನತ್ತ ತಿರುಗಲಿಲ್ಲ, ಎದ್ದು ಹೋಗ್ರಿ ಎನ್ನಲೂ ಇಲ್ಲ. ಬಿಸಿಲು ಏರುವವರೆಗೂ ಇಬ್ಬರೂ ಖಾಲಿ ಗಾಯರಾಣದ ಕಡೆ ಮುಖಮಾಡಿ ಕುಳಿತೇ ಇದ್ದರು.